ಅಕ್ಕ ಬರೆದ ಬುಟ್ಟಿ

ಹಳೆಯ ರಬ್ಬರು ಕರಗಿ ಅಂಟಂಟಾದಾಗ ಒಂದು ವಾಸನೆ ಬರುತ್ತದೆ. ಸೀಮೆಎಣ್ಣೆಯದೂ ಅಲ್ಲ, ಹಳಸಿದ ಬೆಲ್ಲದ್ದೂ ಅಲ್ಲ, ಎರಡರ ನಡುವಿನದು. ಕಳೆದ ತಿಂಗಳು ಅಂಗಡಿಯ ಬೀರು ಖಾಲಿ ಮಾಡುತ್ತಿದ್ದಾಗ ಅಂಥದ್ದೊಂದು ಕೇಬಲ್ ಕೈಗೆ ಸಿಕ್ಕಿತು. ಒಂದು ತುದಿಯಲ್ಲಿ ಕಂಪ್ಯೂಟರಿನ ಹಿಂಭಾಗಕ್ಕೆ ಸಿಕ್ಕಿಸುವ ಅಗಲದ ಪಿನ್ನು, ಇನ್ನೊಂದು ತುದಿಯಲ್ಲಿ ಈಗ ಯಾರ ಬಳಿಯೂ ಇಲ್ಲದ ಜಾತಿಯ ಮೊಬೈಲಿಗೆ ಕಚ್ಚಿಕೊಳ್ಳುವ ಕ್ಲಿಪ್ಪು. ಮುಟ್ಟಿದ ಕೈಗೆಲ್ಲ ಮೆತ್ತಿಕೊಂಡಿತು. ಸೋಪು ಹಾಕಿ ತೊಳೆದೆ, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದೆ, ಆದರೂ ಸಂಜೆಯವರೆಗೆ ಬೆರಳಿಗೆ ಬೆರಳು ಅಂಟುತ್ತಲೇ ಇತ್ತು. ಬಿಸಾಡಬೇಕಾದ ವಸ್ತು. ಬಿಸಾಡಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ವಾಪಸು ಬೀರುವಿನಲ್ಲೇ ಇಟ್ಟೆ. ಈ ವಯಸ್ಸಿಗೆ ಇಟ್ಟುಕೊಳ್ಳುವುದಕ್ಕೂ ಬಿಸಾಡುವುದಕ್ಕೂ ಒಂದೇ ಆಯಾಸ.

ಆಲೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ ತೆಗೆದುಕೊಡುತ್ತೇನೆ, ಅರ್ಜಿ ತುಂಬುತ್ತೇನೆ, ಮಕ್ಕಳ ಸ್ಕಾಲರ್‌ಶಿಪ್ಪು, ಮುದುಕರ ಪಿಂಚಣಿ, ಎಲ್ಲದಕ್ಕೂ ಬಟನ್ ಒತ್ತುವವಳು ನಾನೇ. ಸರ್ವರ್ ಡೌನ್ ಆದರೆ ಎಲ್ಲರ ಸಿಡುಕು ಮುಖ ನೋಡುವವಳೂ ನಾನೇ. ಹುಟ್ಟಿದಾಗಿನಿಂದ ಇದೇ ಕುರ್ಚಿಯಲ್ಲಿ ಕೂತಿದ್ದೇನೆಂದು ಊರವರು ತಿಳಿದಿದ್ದಾರೆ. ಒಂದು ಕಾಲದಲ್ಲಿ ನಾನೂ ಪ್ರೋಗ್ರಾಂ ಬರೆಯುತ್ತಿದ್ದೆ, ಅದೂ ಸಕಲೇಶಪುರದಲ್ಲಿ ಕೂತು ಬರೆಯುತ್ತಿದ್ದೆ ಎಂದರೆ ಯಾರೂ ನಂಬುವುದಿಲ್ಲ. ನಂಬಿಸುವ ಉಮೇದು ನನಗೂ ಉಳಿದಿಲ್ಲ.

ಮೊಬೈಲು ಹಳ್ಳಿಯ ಮನೆಗಳಿಗೆ ಹೊಸದಾಗಿ ಕಾಲಿಟ್ಟಿದ್ದ ವರ್ಷಗಳವು. ಹಾಸನದಲ್ಲಿ ಡಿಪ್ಲೊಮಾ ಮುಗಿಸಿ ಬೆಳಗೋಡಿನ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಸಕಲೇಶಪುರದಲ್ಲಿ ಒಬ್ಬರು ತೋಟದ ಸಾಹುಕಾರರು ಕಂಪ್ಯೂಟರ್ ಆಫೀಸು ತೆರೆದಿದ್ದಾರೆ, ಡಿಪ್ಲೊಮಾ ಆದ ಹುಡುಗಿ ಬೇಕಂತೆ ಎಂದು ಯಾರೋ ಅಪ್ಪನಿಗೆ ಹೇಳಿದರು. ಆಫೀಸೆಂದರೆ ಟೈಲರ್ ಅಂಗಡಿಯ ಮೇಲಿನ ಒಂದು ಕೋಣೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಕಂಪ್ಯೂಟರಿಗೆ ಧೂಳಾಗಬಾರದಲ್ಲ. ಒಳಗೆ ಉಣ್ಣೆಯ ಕಾಲುಚೀಲ, ಸ್ವೆಟರ್ ಹಾಕಿಕೊಂಡು, ಜಡೆಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಕೀಬೋರ್ಡಿಗೆ ಉಫ್ ಉಫ್ ಎಂದು ಊದುತ್ತಾ ಒಬ್ಬರು ಕೂತಿದ್ದರು. ನಾನು ಮೇಡಂ ಎಂದೆ. "ಮೇಡಮ್ಮು ಗೀಡಮ್ಮು ಬ್ಯಾಡ ಮಾರಾಯ್ತಿ, ಅಕ್ಕ ಅನ್ನು ಸಾಕು" ಎಂದರು. ಅವತ್ತಿನಿಂದ ಅವರು ನನಗೆ ಅಕ್ಕ.

ಅಕ್ಕ ಯಸಳೂರು ಕಡೆಯವರು. ಮೈಸೂರಿನಲ್ಲಿ ಓದಿ, ಎಲ್ಲೋ ಕಾಲೇಜಿನಲ್ಲಿ ಕೆಲವು ವರ್ಷ ಪಾಠ ಮಾಡಿ, ಬೇಸರ ಬಂದು ಘಟ್ಟದ ಅಂಚಿಗೆ ವಾಪಸಾದವರು. ಮದುವೆ ಆಗಿರಲಿಲ್ಲ. ಕೇಳಿದವರಿಗೆಲ್ಲ ಹೊಸ ಹೊಸ ಕಾರಣ ಹೇಳುತ್ತಿದ್ದರು. ಆಫೀಸಿನ ಹಿಂದಿನ ಬೀದಿಯಲ್ಲೇ ಒಂದು ಬಾಡಿಗೆ ಕೋಣೆ. ಪ್ರೋಗ್ರಾಮಿನ ಜೊತೆ ಮಾತನಾಡುವುದು ಅವರ ಅಭ್ಯಾಸ. ತೋಟದಲ್ಲಿ ಆಳುಗಳನ್ನು ಮಾತಾಡಿಸುವ ಹಾಗೆ, ಕೆಲಸ ಮಾಡಿದರೆ "ಭೇಷ್", ಕೆಟ್ಟರೆ "ಏನವ್ವ, ಇವತ್ತೂ ರಜಾನಾ?" ಎನ್ನುವರು. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ನಾನೂ ಹಾಗೇ ಮಾತಾಡತೊಡಗಿದೆ.

ಮೊದಲ ವರ್ಷ ತೋಟಗಳ ಹಾಜರಿಯ ಪ್ರೋಗ್ರಾಂ ಬರೆದೆವು. ಅದು ನಡೆಯಿತು, ಆದರೆ ಅದರಲ್ಲಿ ಅಕ್ಕನಿಗೆ ಜೀವವಿರಲಿಲ್ಲ. ಅವರಿಗೆ ಜೀವ ಬಂದದ್ದು ಆನೆಯ ಕೆಲಸ ಬಂದಾಗ. ಆಲೂರು, ಪಾಳ್ಯ, ಸಕಲೇಶಪುರದ ಸುತ್ತಿನ ತೋಟಗಳಿಗೆ ಆನೆ ಬರುವುದು ಹೊಸದೇನಲ್ಲ. ಮೊದಲೆಲ್ಲ ಆನೆ ಕಂಡವರು ದಿಬ್ಬ ಹತ್ತಿ ಹೋ ಎಂದು ಕೂಗು ಹಾಕುತ್ತಿದ್ದರು. ಕೇಳಿಸಿಕೊಂಡ ಮನೆಯವರು ತಟ್ಟೆ ಬಡಿದು ಮುಂದಿನ ಮನೆಗೆ ದಾಟಿಸುತ್ತಿದ್ದರು. ಹೀಗೆ ಕೂಗು ಗದ್ದೆ ದಾಟಿ, ತೋಟ ದಾಟಿ, ಆನೆಗಿಂತ ಮುಂಚೆ ಹೋಗಿ ಮುಟ್ಟುತ್ತಿತ್ತು. ಮನೆಮನೆಗೆ ಮೊಬೈಲು ಬಂದ ಮೇಲೆ ಸಾಹುಕಾರರಿಗೂ ಅವರ ಸ್ನೇಹಿತರಿಗೂ ಒಂದು ಯೋಚನೆ ಬಂತು. ತೋಟದ ವಾಚರುಗಳು ಆನೆ ಕಂಡ ಕೂಡಲೇ ಆಫೀಸಿಗೆ ಫೋನ್ ಮಾಡುವುದು, ನಾವು ಜಾಗದ ಹೆಸರು ಕಂಪ್ಯೂಟರಿಗೆ ಹೊಡೆಯುವುದು, ಆ ದಿಕ್ಕಿನ ಮನೆಗಳಿಗೆಲ್ಲ ಒಟ್ಟಿಗೆ ಮೆಸೇಜ್ ಹೋಗುವುದು. ಮೆಸೇಜ್ ಕಳಿಸಲು ಕಂಪ್ಯೂಟರಿಗೆ ಒಂದು ಮೊಬೈಲನ್ನು ಕೇಬಲಿನಿಂದ ಕಟ್ಟಿದ್ದೆವು. ಮೊನ್ನೆ ಕೈಗೆ ಮೆತ್ತಿದ್ದು ಅದೇ.

ಬರೆಯುವುದು ಕಷ್ಟವಿರಲಿಲ್ಲ. ಬರೆದದ್ದು ಸರಿಯಿದೆಯೇ ಎಂದು ನೋಡುವುದು ಕಷ್ಟ. ಪರೀಕ್ಷೆಗೆಂದು "ಪಾಳ್ಯಕ್ಕೆ ಆನೆ ಬಂತು" ಎಂದು ಹೊಡೆದರೆ ನಿಜವಾಗಿಯೇ ಪಾಳ್ಯದವರಿಗೆ ಮೆಸೇಜ್ ಹೋಗಿಬಿಡುತ್ತದೆ. ಗದ್ದೆಯಲ್ಲಿದ್ದವರು ಎದ್ದು ಬಿದ್ದು ಓಡುತ್ತಾರೆ. ನಾಲ್ಕು ಸಲ ಹಾಗಾದರೆ ಐದನೆಯ ಸಲ ಯಾರೂ ಕದಲುವುದಿಲ್ಲ. ಅದಕ್ಕೆ ಅಕ್ಕ ಒಂದು ಸಣ್ಣ ಕೈಯಾಳನ್ನು ಬರೆದರು. ಪ್ರೋಗ್ರಾಮಿನವರ ಮಾತಿನಲ್ಲಿ ಅದು ಹೆಲ್ಪರ್ ಕ್ಲಾಸ್. ಅಕ್ಕ ಅದಕ್ಕೆ ಇಟ್ಟ ಹೆಸರು ಬುಟ್ಟಿ. ಬುಟ್ಟಿ ಫೋನಿನ ವೇಷ ಹಾಕಿಕೊಂಡು ಫೋನಿನ ಜಾಗದಲ್ಲಿ ಕೂರುತ್ತಿತ್ತು. ಪ್ರೋಗ್ರಾಂ ಹೊರಗೆ ಕಳಿಸಬೇಕೆಂದಿದ್ದ ಮೆಸೇಜುಗಳೆಲ್ಲ ಹೊರಗೆ ಹೋಗದೆ ಅದರೊಳಗೆ ಬೀಳುತ್ತಿದ್ದವು. ಒಂದೊಂದು ಬಿದ್ದಾಗಲೂ, ನಿಜವಾದ ಫೋನು ಹೇಳುವ ಹಾಗೆಯೇ, ಅದು ಪ್ರೋಗ್ರಾಮಿಗೆ "ಹೋಯ್ತು" ಎಂದು ಹೇಳುತ್ತಿತ್ತು. ಪ್ರೋಗ್ರಾಮಿಗೆ ಅನುಮಾನವೇ ಬರುತ್ತಿರಲಿಲ್ಲ. ಆಮೇಲೆ ನಾವು ಬುಟ್ಟಿ ತೆಗೆದು ಒಂದೊಂದೇ ಮೆಸೇಜ್ ನೋಡುವುದು. ಬೆಳಗೋಡಿನ ಆನೆಗೆ ಬೆಳಗೋಡಿನವರನ್ನೇ ಎಬ್ಬಿಸಿದೆಯೇ, ಹೊಳೆಯ ಆಚೆಯವರನ್ನು ಸುಮ್ಮನೆ ಹೆದರಿಸಿದೆಯೇ, ಯಾರನ್ನಾದರೂ ಮರೆತಿದೆಯೇ.

ಇಡೀ ದಿನ ಹೀಗೆ ಸುಳ್ಳು ಆನೆಗಳನ್ನು ಓಡಿಸುವುದೇ ನಮ್ಮ ಕೆಲಸ. ಕೆಳಗಿನ ಟೈಲರ್ ಸಂಜೆ ಮೆಟ್ಟಿಲ ಬುಡದಲ್ಲಿ ನಿಂತು "ಇವತ್ತು ಎಷ್ಟು ಮರಿ ಹಾಕ್ತು ನಿಮ್ಮಾನೆ?" ಎಂದು ಕೇಳುತ್ತಿದ್ದ. ಅಕ್ಕ ಅವನಿಗೆ ಸರಿಯಾಗಿ ಉತ್ತರ ಕೊಡುತ್ತಿದ್ದರು. ನಾವಿಬ್ಬರೂ ನಗುತ್ತಲೇ ಬಸ್ ಸ್ಟ್ಯಾಂಡಿನವರೆಗೆ ಹೋಗುತ್ತಿದ್ದೆವು.

ಬುಟ್ಟಿ ಕಟ್ಟುವುದು, ಬಿಚ್ಚುವುದು ಪ್ರೋಗ್ರಾಮಿನ ಒಂದೇ ಸಾಲಿನ ಬದಲಾವಣೆ. ಒಂದೇ ಸಾಲು ಎಂಬುದೇ ಅದರ ಅಪಾಯ ಎಂದು ಅಕ್ಕನಿಗೆ ಗೊತ್ತಿತ್ತು. ಅದಕ್ಕೇ ಸಂತೆಯಲ್ಲಿ ಒಂದು ಪುಟ್ಟ ಬಿದಿರಿನ ಬುಟ್ಟಿ ಕೊಂಡುತಂದರು. ಒಳಗೆ ಬುಟ್ಟಿ ಕಟ್ಟಿದಾಗ ಇದನ್ನು ಮಾನಿಟರಿನ ತಲೆಯ ಮೇಲೆ ಇಡಬೇಕು, ಬಿಚ್ಚಿದ ಮೇಲೆ ಗೂಟಕ್ಕೆ ನೇತುಹಾಕಬೇಕು. ಮಾನಿಟರಿನ ಮೇಲೆ ಬಿದಿರು ಬುಟ್ಟಿ ಇದ್ದರೆ ಆನೆ ಸುಳ್ಳು, ಗೂಟದಲ್ಲಿದ್ದರೆ ಆನೆ ನಿಜ. ಮನೆಗೆ ಹೊರಡುವ ಮುಂಚೆ ಗೂಟ ನೋಡದೆ ಬಾಗಿಲು ಹಾಕಿದವರಲ್ಲ ಅವರು. ನನಗೆ ಅದು ಅತಿ ಎನಿಸುತ್ತಿತ್ತು. ಬಸ್ ತಪ್ಪಿದ ದಿನ ಗೊಣಗಿದ್ದೂ ಉಂಟು.

ಕೆಲಸ ಚೆನ್ನಾಗಿಯೇ ನಡೆಯಿತು. ನೆಟ್‌ವರ್ಕ್ ಸಿಗುವ ಜಾಗ ಹುಡುಕಿ ಜನ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಿಟಕಿಯ ಸರಳಿಗೋ, ಅಂಗಳದ ಹಲಸಿನ ಕೊಂಬೆಗೋ ಕಟ್ಟುತ್ತಿದ್ದರು. ಮನೆ ಬಿಡುವ ಮುಂಚೆ ಅದರ ಮುಖ ನೋಡಿ ಹೊರಡುವುದು ರೂಢಿಯಾಯಿತು. ಓದಲು ಬಾರದವರೂ ಮೆಸೇಜಿನ ಸದ್ದಿಗೆ ಒಳಗೇ ಉಳಿಯುತ್ತಿದ್ದರು. ಒಬ್ಬ ಅಜ್ಜಿ ಯಾರ ಕೈಯಲ್ಲೋ ಅಕ್ಕನಿಗೆ ಕಾಳುಮೆಣಸು ಕಳಿಸಿದ್ದಳು. ಆದರೆ ಸದ್ದಿಲ್ಲದೆ ಇನ್ನೊಂದು ಸಂಗತಿಯೂ ನಡೆದಿತ್ತು. ಜನ ಕೂಗು ಹಾಕುವುದನ್ನು ಬಿಟ್ಟರು. ಆಫೀಸಿನವರು ಹೇಗೂ ಕಳಿಸುತ್ತಾರಲ್ಲ, ಇನ್ನು ಗಂಟಲು ಹರಿದುಕೊಳ್ಳುವುದು ಯಾಕೆ? ಮೆಸೇಜ್ ಬಂದರೆ ಆನೆ ಇದೆ, ಬರಲಿಲ್ಲವೆಂದರೆ ದಾರಿ ಖಾಲಿ. ಯಾರೂ ಹಾಗೆಂದು ಹೇಳಿಕೊಟ್ಟಿರಲಿಲ್ಲ, ತಾವಾಗಿ ಹಾಗೆ ತಿಳಿದುಕೊಂಡರು. ಇದು ನಮಗೆ ಗೊತ್ತಾದದ್ದು ತಡವಾಗಿ.

ಆ ವರ್ಷದ ಆಯುಧಪೂಜೆ... ಅದನ್ನು ಬರೆಯಲು ಕೂತರೆ ಇಂದಿಗೂ ಕೈ ನಿಧಾನವಾಗುತ್ತದೆ. ಕೋಣೆ ತೊಳೆದು, ಕಂಪ್ಯೂಟರಿಗೆ ವಿಭೂತಿ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿದೆವು. ಮೆಸೇಜ್ ಕಳಿಸುವ ಫೋನೇ ನಮ್ಮ ನಿಜವಾದ ಆಯುಧ ಎಂದು ಅಕ್ಕ ಅದನ್ನು ಕೇಬಲಿನಿಂದ ಬಿಚ್ಚಿ ದೇವರ ಪಟದ ಮುಂದೆ ಮಣೆಯ ಮೇಲಿಟ್ಟರು. ಪೂಜೆಗೆ ಇಟ್ಟದ್ದನ್ನು ಮಾರನೆಯ ದಿನದವರೆಗೆ ಮುಟ್ಟುವ ಹಾಗಿಲ್ಲ. ಅಷ್ಟರಲ್ಲಿ ಏನಾದರೂ ಸುದ್ದಿ ಬಂದರೆ ತಮ್ಮ ಸ್ವಂತ ಫೋನಿನಿಂದಲೇ ಎಲ್ಲರಿಗೂ ಹೇಳುವುದಾಗಿ ಅಕ್ಕ ಮೊದಲೇ ಯೋಚಿಸಿದ್ದರು. ಸಂಜೆ ಸಾಹುಕಾರರು ನೆಂಟರು, ಸ್ನೇಹಿತರನ್ನು ಕರೆದುಕೊಂಡು ಬಂದರು. "ಏನಮ್ಮ, ಇವ್ರಿಗೆ ಸ್ವಲ್ಪ ತೋರ್ಸಿ ನಮ್ಮಾನೆ ಕೆಲಸ" ಎಂದರು. ಫೋನಿಲ್ಲದೆ ಪ್ರೋಗ್ರಾಂ ಓಡುವುದಿಲ್ಲ. ಅಕ್ಕ ಬುಟ್ಟಿ ಕಟ್ಟಿದರು, ಬಿದಿರಿನದನ್ನು ಮಾನಿಟರಿನ ಮೇಲಿಟ್ಟರು.

ಪಾಳ್ಯ ಎಂದು ಹೊಡೆದದ್ದೇ ಪರದೆಯ ತುಂಬ ಹೋಯ್ತು, ಹೋಯ್ತು, ಹೋಯ್ತು ಎಂದು ಸಾಲುಗಳು ಓಡಿದವು. ಬಂದವರು ಚಪ್ಪಾಳೆ ತಟ್ಟಿದರು. ಅಕ್ಕ ಅಷ್ಟು ಖುಷಿಯಾಗಿದ್ದನ್ನು ನಾನು ಮೊದಲು ನೋಡಿರಲಿಲ್ಲ. ಹಂಚಲು ತಂದಿದ್ದ ಕಡ್ಲೆಪುರಿಗೆ ಪಾತ್ರೆ ಸಾಲದಾದಾಗ ಮಾನಿಟರಿನ ಮೇಲಿದ್ದ ಬಿದಿರು ಬುಟ್ಟಿಯನ್ನೇ ಎತ್ತಿಕೊಂಡು, ಪುರಿ, ಬಾಳೆಹಣ್ಣಿನ ಚೂರು ತುಂಬಿ, ತಾವೇ ಕೆಳಗಿನ ಅಂಗಡಿಗಳಿಗೆ ಹಂಚಲು ಇಳಿದರು. ಬುಟ್ಟಿ ಟೈಲರ್ ಅಂಗಡಿಯಲ್ಲೇ ಉಳಿಯಿತು. ಮಾರನೆಯ ದಿನ ವಿಜಯದಶಮಿಯ ಪೂಜೆ ಮುಗಿಸಿ ಅಕ್ಕ ಫೋನನ್ನು ಮತ್ತೆ ಕೇಬಲಿಗೆ ಕಟ್ಟಿದರು. ಮಾನಿಟರಿನ ತಲೆ ಖಾಲಿಯಿತ್ತು. ಖಾಲಿಯಿದ್ದರೆ ಆನೆ ನಿಜ ಎಂದಲ್ಲವೇ ಅವರೇ ಮಾಡಿಟ್ಟ ಲೆಕ್ಕ? ಗೂಟದ ಕಡೆ ಕಣ್ಣು ಹೋಗಲಿಲ್ಲ. ಹಬ್ಬದ ದಣಿವು ಬೇರೆ. ಪ್ರೋಗ್ರಾಮಿನ ಒಳಗೆ ಬುಟ್ಟಿ ಹಾಗೇ ಕೂತಿತ್ತು.

ಅದರ ಮರುದಿನ ಬೆಳಕು ಹರಿಯುವ ಹೊತ್ತಿಗೆ ವಾಚರ್ ಅಕ್ಕನ ಫೋನಿಗೆ ಕರೆ ಮಾಡಿದ. ಭತ್ತ ತೆನೆ ತುಂಬಿದ ಕಾಲ, ಪಾಳ್ಯದ ಕಡೆಯ ಗದ್ದೆಗೆ ಹಿಂಡು ಇಳಿದಿತ್ತು. ಅಕ್ಕ ಸ್ವೆಟರ್ ಎಳೆದುಕೊಂಡು ಆಫೀಸಿಗೆ ಓಡಿ ಜಾಗದ ಹೆಸರು ಹೊಡೆದರು. ಹೋಯ್ತು, ಹೋಯ್ತು, ಹೋಯ್ತು. ವಾಚರನಿಗೂ "ಹೋಯ್ತಪ್ಪ ಎಲ್ರಿಗೂ" ಎಂದರು. ಅವನೂ ಸುಮ್ಮನಾದ. ಗದ್ದೆಯ ಬೇಲಿ ಮುರಿದದ್ದನ್ನು ಕಂಡ ಇನ್ನೊಂದು ಮನೆಯವರೂ, ಮೆಸೇಜ್ ಹೋಗಿಯೇ ಇರುತ್ತದೆಂದು ಕೂಗು ಹಾಕದೆ ಬಾಗಿಲು ಹಾಕಿಕೊಂಡರು.

ಅಲ್ಲೊಬ್ಬರು ಡೈರಿಗೆ ಹಾಲು ಹಾಕುವ ಯಜಮಾನರಿದ್ದರು. ಎರಡು ಹಸು, ಒಂದಿಷ್ಟು ಗದ್ದೆ, ಗಂಡ ಹೆಂಡತಿ. ಅವತ್ತೂ ಕ್ಯಾನಿಗೆ ಹಾಲು ತುಂಬಿ, ಕಿಟಕಿಗೆ ಕಟ್ಟಿದ ಫೋನಿನ ಮುಖ ನೋಡಿದರು. ಏನೂ ಬಂದಿರಲಿಲ್ಲ. ಮಂಜಿನಲ್ಲಿ ಹೊರಟರು. ಕಾಲುದಾರಿ ತಿರುಗುವಲ್ಲಿ ಆನೆ ಎದುರಾಯಿತು. ಅದು ಅವರನ್ನು ಮುಟ್ಟಲಿಲ್ಲ. ಇವರು ಕ್ಯಾನು ಬಿಸುಟು ಓಡಿ, ತೋಟದ ಆಳದ ಕಪ್ಪಿಗೆ, ಅಂದರೆ ನೀರು ಹರಿಯಲು ಕಡಿದ ಕಾಲುವೆಗೆ ಬಿದ್ದರು. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿಯಿತು.

ನಾನು ಬೆಳಗೋಡಿನ ಬಸ್ಸಿಳಿದು ಆಫೀಸು ಮುಟ್ಟುವ ಹೊತ್ತಿಗೆ ಸುದ್ದಿ ಬಂದಾಗಿತ್ತು. ಅವರನ್ನು ಜೀಪಿನಲ್ಲಿ ಹಾಸನದ ದೊಡ್ಡಾಸ್ಪತ್ರೆಗೆ ಕರೆದೊಯ್ದಿದ್ದರು. ಪಾಪ, ಟವರ್ ಸಿಕ್ಕಿಲ್ಲ, ಅದಕ್ಕೇ ಮೆಸೇಜ್ ಮುಟ್ಟಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ನಮ್ಮ ಕಡೆ ಟವರಿನ ಮೇಲೆ ಹಾಕಿದರೆ ಯಾವ ಮಾತೂ ಅಲ್ಲಿಗೆ ಮುಗಿಯುತ್ತದೆ. ಅಕ್ಕನೂ ಹಾಗೇ ಅಂದುಕೊಂಡಿದ್ದರು. ಮಧ್ಯಾಹ್ನ ಊಟವಾದ ಮೇಲೆ, ಮೆಸೇಜ್ ಹೋಗದಿದ್ದರೆ ಇನ್ನೊಮ್ಮೆ ತಾನಾಗಿ ಕಳಿಸುವ ಹಾಗೆ ಏನಾದರೂ ಬರೆಯೋಣವೆಂದು ಅದನ್ನು ಪರೀಕ್ಷಿಸಲು ಬುಟ್ಟಿ ಕಟ್ಟಲು ಹೋದರು. ಬುಟ್ಟಿ ಅದಾಗಲೇ ಕಟ್ಟಿತ್ತು. ಒಳಗೆ ಬೆಳಗಿನ ಮೆಸೇಜುಗಳೆಲ್ಲ ಹಾಗೇ ಬಿದ್ದಿದ್ದವು. ಹಾಲಿನ ಯಜಮಾನರದೂ ಇತ್ತು. ಅಕ್ಕ ಒಂದೊಂದನ್ನೂ ಓದಿದರು. ಜಡೆಯ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟರು, ಮತ್ತೆ ಸಿಕ್ಕಿಸಿಕೊಂಡರು...

"ಅಕ್ಕ, ಇದು ನಮ್ಮಿಬ್ರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಟವರ್ ಮೇಲೇ ಇರ್ಲಿ ಬಿಡಿ" ಎಂದೆ.

"ಟವರಿಗೇನು ಮಾರಾಯ್ತಿ, ಅದು ನಿದ್ದೆ ಮಾಡ್ತೈತೆ. ನಾನ್ ಹೆಂಗ್ ಮಾಡ್ಲಿ?" ಎಂದರು.

ನಾನು ಹೇಳಿದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಹೇಳುವುದರಿಂದ ಮುರಿದ ಮೂಳೆ ಕೂಡುವುದಿಲ್ಲ. ಆಫೀಸಿನ ಮೆಸೇಜನ್ನು ಜನ ನಂಬುತ್ತಿದ್ದರು, ಆ ನಂಬಿಕೆಯ ಮೇಲೆ ಎಷ್ಟೋ ಮನೆಯವರು ಹುಷಾರಾಗಿ ಉಳಿದಿದ್ದರು. ಅದೊಂದು ಕೆಟ್ಟರೆ ಮಾಡಿದ್ದೆಲ್ಲ ಮಣ್ಣು. ಸಾಹುಕಾರರಿಗೆ ಅಕ್ಕ ಅವತ್ತೇ ಹೇಳಿದರು. ಅವರೂ ನನ್ನ ಮಾತನ್ನೇ ಇನ್ನಷ್ಟು ಗಟ್ಟಿಯಾಗಿ ಆಡಿದರು. ಅವರು ಕೆಟ್ಟವರಲ್ಲ, ಆಸ್ಪತ್ರೆಯ ಖರ್ಚನ್ನು ತಾವೇ ನೋಡಿಕೊಂಡರು. ಬಾಯಿ ಮಾತ್ರ ಬಿಡಬೇಡಿ ಎಂದರು.

ಯಜಮಾನರು ಆಸ್ಪತ್ರೆಯಿಂದ ಮನೆಗೆ ಬಂದರೆಂದು ತಿಳಿದ ಮೇಲೆ ಒಂದು ಬೆಳಿಗ್ಗೆ ಅಕ್ಕ "ನಡಿಯೇ, ಪಾಳ್ಯಕ್ಕೆ ಹೋಗ್ಬರಾಣ" ಎಂದರು. ಯಾಕೆಂದು ನನಗೆ ಗೊತ್ತಿತ್ತು. ಹಾಸನದ ಬಸ್ಸು ಹತ್ತಿ ಪಾಳ್ಯದಲ್ಲಿ ಇಳಿದು, ಗದ್ದೆಯ ಬದುವಿನ ಮೇಲೆ ನಡೆದೆವು. ಆನೆ ತುಳಿದ ಕಡೆ ಪೈರು ಮಲಗಿಯೇ ಇತ್ತು. ನನಗೆ ಅಕ್ಕನ ಮೇಲೆ ಸಿಟ್ಟು. ಇಷ್ಟೆಲ್ಲ ಯಾಕೆ, ನಿಮಗೆ ಯಾರು ಹೇಳಿದರು ಎಂದು ಕೇಳಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುತ್ತಲೇ ನಡೆದೆ.

ಯಜಮಾನರು ಜಗಲಿಯ ಮಂಚದ ಮೇಲೆ ಮಲಗಿದ್ದರು. ಕಿಟಕಿಯ ಸರಳಿನಲ್ಲಿ ಕವರಿನೊಳಗೆ ಫೋನು ಇನ್ನೂ ನೇತಾಡುತ್ತಿತ್ತು. ಅವರ ಹೆಂಡತಿ ಚಾಪೆ ಹಾಸಿದರು. ನಾನು ಕೂತೆ, ಅಕ್ಕ ಕೂರಲಿಲ್ಲ. ನಿಂತೇ ಹೇಳಿದರು. ಮೆಸೇಜ್ ಬಾರದೆ ಹೋದದ್ದು ಟವರಿನಿಂದಲ್ಲ, ತನ್ನಿಂದ ಎಂದರು. ಬುಟ್ಟಿಯ ವಿಷಯವನ್ನು ಹಬ್ಬದಿಂದ ಹಿಡಿದು ಬಿಡಿಸಿ ಬಿಡಿಸಿ ಹೇಳಿದರು. ಸುಳ್ಳು ಮೆಸೇಜು ಬೀಳಲು ಮಾಡಿದ್ದರಲ್ಲಿ ನಿಜವಾದದ್ದು ಬಿತ್ತು ಎಂಬುದು ಆ ಮನೆಯವರಿಗೆ ಎಷ್ಟು ಅರ್ಥವಾಯಿತೋ ನನಗೆ ಗೊತ್ತಿಲ್ಲ. ಯಜಮಾನರು ಒಂದೇ ಒಂದು ಪ್ರಶ್ನೆ ಕೇಳಿದರು.

"ಅಂಗಾರೆ ನಮ್ಮನೆಗೂ ಅಂತ ಒಂದು ಇತ್ತಾ ಅದ್ರಲ್ಲಿ?"

"ಇತ್ತು" ಎಂದರು ಅಕ್ಕ.

ಯಜಮಾನರು ಕಿಟಕಿಯ ಫೋನಿನ ಕಡೆ ನೋಡಿದರು. ಅಂಗಳದಲ್ಲಿ ಕೋಳಿಗಳು ಕೆದಕುತ್ತಿದ್ದವು. ಬಯ್ಯುತ್ತಾರೆ, ಈಗ ಬಯ್ಯುತ್ತಾರೆ ಎಂದು ನಾನು ಸೆರಗು ಹಿಡಿದುಕೊಂಡು ಕೂತಿದ್ದೆ. ಅಕ್ಕ ತಲೆ ತಗ್ಗಿಸಿ ಕಾಯುತ್ತಿದ್ದರು. ಯಜಮಾನರು ಮೆಲ್ಲಗೆ ಹೇಳಿದರು, "ನೀವ್ ಇದ್ನ ಹೇಳ್ದೆ ಹೋಗಿದ್ರೇ ಚೆನ್ನಾಗಿತ್ತು ಕಣವ್ವ. ನನ್ ಹಣೇಬರ ಅಂದ್ಕಂಡು ಸುಮ್ನಾಗಿದ್ದೆ." ಆಮೇಲೆ ಹೆಂಡತಿಯ ಕಡೆ ತಿರುಗಿ, "ಅಷ್ಟ್ ದೂರದಿಂದ ಬಂದವ್ರೆ, ಕಾಫಿ ಕಾಯ್ಸು" ಎಂದರು.

ಕಾಫಿ ಬಂತು. ಹಾಲಿಲ್ಲದ ಬೆಲ್ಲದ ಕಾಫಿ. "ಬೇಜಾರ್ ಮಾಡ್ಕಬ್ಯಾಡಿ, ಹಾಲಿಲ್ಲ. ನೋಡ್ಕಳಕ್ಕೆ ಆಗಲ್ಲ ಅಂತ ಹಸ ಎರಡೂ ನನ್ ತಂಗಿ ಮನೆಗೆ ಹೊಡ್ದುಬುಟ್ಟೊ" ಎಂದರು ಅವರ ಹೆಂಡತಿ. ಅದರಲ್ಲಿ ದೂರು ಇರಲಿಲ್ಲ. ಅಕ್ಕ ಲೋಟ ಹಿಡಿದು ನಿಂತೇ ಇದ್ದರು. ಕುಡಿಯಲೂ ಆಗದೆ, ಇಡಲೂ ಆಗದೆ, ಕೊನೆಗೆ ಬಿಸಿಯನ್ನೇ ಒಂದೇ ಸಲಕ್ಕೆ ಕುಡಿದುಬಿಟ್ಟರು. ವಾಪಸು ಬರುವಾಗ ಬದುವಿನ ಮೇಲೆ ಎರಡು ಸಲ ಕೂತರು. ಹೇಳಿ ಬಂದ ಮೇಲೆ ಹಗುರಾಗುತ್ತಾರೆಂದು ನಾನು ತಿಳಿದಿದ್ದೆ. ಹಾಗಾಗಲಿಲ್ಲ.

ಆ ಮನೆಯಿಂದ ಸುದ್ದಿ ಹೊರಗೆ ಬರಲೇ ಇಲ್ಲ. ಊರವರ ಬಾಯಲ್ಲಿ ಟವರಿನದೇ ತಪ್ಪಾಗಿ ಉಳಿಯಿತು, ಮೆಸೇಜನ್ನು ಜನ ಮೊದಲಿನಂತೆಯೇ ನಂಬಿದರು. ನಂಬದೆ ಹೋದವರು ಅಕ್ಕ ಒಬ್ಬರೇ. ಆನೆಯ ಸುದ್ದಿ ಬಂದಾಗ ಮೆಸೇಜ್ ಕಳಿಸುವರು, ಪರದೆಯ ಮೇಲೆ ಹೋಯ್ತು ಎಂದು ಬರುವುದು. ಅಕ್ಕ ಅದನ್ನು ಬಿಟ್ಟು ತಮ್ಮ ಫೋನು ತೆಗೆದುಕೊಂಡು ಒಬ್ಬೊಬ್ಬರಿಗೂ ಕರೆ ಮಾಡಿ "ಬಂತಾ?" ಎಂದು ಕೇಳುವರು. ಮೊದಲು ಜನ ಸಮಾಧಾನದಿಂದಲೇ ಹೇಳಿದರು. ಆಮೇಲೆ "ಬಂತು ಕಣಮ್ಮ, ಎಷ್ಟ್ ಸಲ ಕೇಳ್ತೀರಿ" ಎಂದು ರೇಗತೊಡಗಿದರು. ಫೋನು ಎತ್ತದ ಮನೆಯೊಂದಿದ್ದರೆ ಅಕ್ಕ ಊಟ ಮುಟ್ಟುತ್ತಿರಲಿಲ್ಲ.

ಬುಟ್ಟಿಯನ್ನು ಅವರು ಪ್ರೋಗ್ರಾಮಿನಿಂದಲೇ ಕಿತ್ತು ಹಾಕಿದರು. ಬುಟ್ಟಿಯದೇನು ತಪ್ಪು ಎಂದು ನಾನು ವಾದ ಮಾಡಿದೆ. ಅದು ಫೋನಿನ ಹಾಗೆ ಹೋಯ್ತು ಎನ್ನುವ ಬದಲು "ಬುಟ್ಟಿಗೆ ಬಿತ್ತು" ಎನ್ನುವ ಹಾಗೆ ಮಾಡಿದರೆ ಮುಗಿಯಿತಲ್ಲ? ನಾನೇ ಕೂತು ಹಾಗೆ ಬರೆದು ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. "ಚೆನ್ನಾಗೈತೆ ಕಣೆ" ಎಂದರು. ಆದರೆ ಒಳಗೆ ಸೇರಿಸಲಿಲ್ಲ. ಬುಟ್ಟಿಯಿಲ್ಲದೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದೆ ಪ್ರೋಗ್ರಾಮಿನ ಒಂದಕ್ಷರ ಮುಟ್ಟಲೂ ಅವರಿಗೆ ಧೈರ್ಯವಿಲ್ಲ. ಜನ ಫೋನು ನಂಬರು ಬದಲಾಯಿಸಿದರು, ಆನೆಗಳು ದಾರಿ ಬದಲಾಯಿಸಿದವು, ನಮ್ಮ ಪ್ರೋಗ್ರಾಂ ಮಾತ್ರ ನಿಂತಲ್ಲೇ ನಿಂತಿತು. ಪ್ರೋಗ್ರಾಮಿನ ಜೊತೆ ಮಾತಾಡುವುದನ್ನೂ ಅಕ್ಕ ಯಾವಾಗಲೋ ನಿಲ್ಲಿಸಿದ್ದರು. ಕೋಣೆಯಲ್ಲಿ ಕಂಪ್ಯೂಟರಿನ ಫ್ಯಾನಿನ ಸದ್ದೊಂದೇ ಕೇಳುತ್ತಿತ್ತು. ನನಗೂ ಅಲ್ಲಿ ಕೂತು ಕೂತು ಸಾಕಾಗಿತ್ತು, ಸುಳ್ಳು ಹೇಳಲಾರೆ.

ಮುಂದಿನ ಮಳೆಗಾಲಕ್ಕೆ ಅಕ್ಕ ಕೆಲಸ ಬಿಟ್ಟು ಯಸಳೂರಿಗೆ ಹೋದರು, ತಮ್ಮನ ಮೆಣಸಿನ ತೋಟ ನೋಡಿಕೊಳ್ಳಲು. ಅವರಿಲ್ಲದ ಆಫೀಸನ್ನು ಸಾಹುಕಾರರು ಬಹಳ ದಿನ ಎಳೆಯಲಿಲ್ಲ. ಸಾಮಾನು ಹಂಚಿ ಹೋಗುವಾಗ ಕೇಬಲ್ ನನ್ನ ಚೀಲಕ್ಕೆ ಬಂತು. ಒಂದೆರಡು ಸಲ ಯಸಳೂರಿಗೆ ಹೋಗಿ ನೋಡಿ ಬಂದೆ. ಸೊರಗಿದ್ದರು, ಮಾತು ಕಡಿಮೆ. ಬಸ್ಸು ಹತ್ತಿಸಲು ಬಂದವರು ನಾನು ಮನೆ ಮುಟ್ಟಿದ ಮೇಲೆ ಫೋನ್ ಮಾಡಿ ತಿಳಿಸಬೇಕೆಂದು ಮತ್ತೆ ಮತ್ತೆ ಹೇಳಿದರು. ಆಮೇಲೆ ನನ್ನ ಮದುವೆ, ಮಕ್ಕಳು, ಅಂಗಡಿ... ಹೋಗಬೇಕು ಹೋಗಬೇಕು ಎನ್ನುತ್ತಲೇ ವರ್ಷಗಳು ಹೋದವು. ಅವರು ತೀರಿಕೊಂಡದ್ದು ನನಗೆ ಗೊತ್ತಾದದ್ದು ತಿಥಿ ಎಲ್ಲ ಮುಗಿದ ಮೇಲೆ, ಆ ಕಡೆಯ ಬಸ್ಸಿನ ಕಂಡಕ್ಟರ್ ಒಬ್ಬರ ಬಾಯಿಂದ. ಎದೆಯ ನೋವಂತೆ. ಅವತ್ತು ಅಂಗಡಿ ಮುಚ್ಚಲಿಲ್ಲ. ಜನ ನಿಂತಿದ್ದರು, ಒಬ್ಬರ ಹಿಂದೆ ಒಬ್ಬರಿಗೆ ಜೆರಾಕ್ಸ್ ತೆಗೆದುಕೊಡುತ್ತಲೇ ಹೋದೆ. ಅಳು ಬಂದದ್ದು ಮನೆಗೆ ಹೋಗಿ ಅಕ್ಕಿ ತೊಳೆಯುವಾಗ.

ಹೋದ ವಾರ ಹಾಲಿನ ಯಜಮಾನರು ಅಂಗಡಿಗೆ ಬಂದಿದ್ದರು. ಪಿಂಚಣಿ ನಿಂತಿದೆಯಂತೆ, ಬೆರಳಚ್ಚು ಕೊಡಬೇಕು. ಕೋಲೂರಿಕೊಂಡು, ಒಂದು ಕಾಲನ್ನು ಎಳೆಯುತ್ತಾ ಮೆಟ್ಟಿಲು ಹತ್ತಿದರು. ಬೆರಳು ಸವೆದು ಹೋಗಿದೆ, ಮೆಷಿನ್ನು ಹಿಡಿಯಲೊಲ್ಲದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒತ್ತಿ, ಮತ್ತೆ ಒರೆಸುತ್ತಿದ್ದಾಗ ನನ್ನ ಮುಖವನ್ನೇ ನೋಡಿ, "ಆ ಕಂಪ್ಯೂಟ್ರಮ್ಮನ್ ಜೊತೆ ಬಂದಿದ್ ಹುಡ್ಗಿ ಅಲ್ವೇನವ್ವ ನೀನು?" ಎಂದರು. ಹೌದೆಂದೆ. ಅಕ್ಕ ಹೇಗಿದ್ದಾರೆಂದು ಕೇಳಿದರು. ಇಲ್ಲ, ಹೋಗಿಬಿಟ್ಟರು ಎಂದೆ. ಯಜಮಾನರು ಬೆರಳನ್ನು ಮೆಷಿನ್ನಿನ ಮೇಲೆ ಹಾಗೇ ಇಟ್ಟುಕೊಂಡು ಕೂತರು.

"ನಾನ್ ಅವತ್ತು ನಾಕ್ ಮಾತು ಬೈದ್ಬುಡ್ಬೇಕಿತ್ತು ಕಣವ್ವ" ಎಂದರು ಆಮೇಲೆ. "ಬೈಸ್ಕಳಕ್ಕೇ ಅಂತ್ಲೇ ಅಷ್ಟ್ ದೂರ ಬಂದಿದ್ರು ಆಯಮ್ಮ. ನಂಗದು ತಿಳಿಲಿಲ್ಲ. ಕಾಫಿ ಕೊಟ್ಟು ಕಳುಸ್ಬುಟ್ಟೆ."

ಇದನ್ನು ಹೋಗಿ ಹೇಳೋಣವೆಂದರೆ ಈಗ ಅಕ್ಕ ಇಲ್ಲ.